ಕೂಸು ಯಾರ ಕೈಗೆ? ಪುಣೆಯ ಎಳೆಯ ತಾಯಂದಿರು ಮತ್ತು ಶಾಲೆಯ ಬಾಗಿಲು

ವಿಡಿಯೋ ಪೂರ್ತಿ ನೋಡೋಕೆ ಟೈಮ್ ಸಿಗಲಿಲ್ಲ ಅನ್ನೋರಿಗೆ, ಓದೋದೇ ಇಷ್ಟ ಅನ್ನೋರಿಗೆ ಇದು ಈ ಸಲದ ಮಾತಿನ ಬರಹ ರೂಪ. ಮಾತಿನ ಭರದಲ್ಲಿ ಬಿಟ್ಟುಹೋದ ಒಂದೆರಡು ವಿಷಯಗಳನ್ನು ಇಲ್ಲಿ ಸೇರಿಸಿದ್ದೇನೆ.

ಪುಣೆಯಲ್ಲಿರುವ ನಾವು ದಿನಕ್ಕೆ ಎಷ್ಟು ಸಲ ‘ಕರ್ವೆ’ ಅನ್ನೋ ಹೆಸರು ಹೇಳ್ತೀವಿ, ಒಮ್ಮೆ ಲೆಕ್ಕ ಹಾಕಿ. ಕರ್ವೆ ರೋಡಿನಲ್ಲಿ ಟ್ರಾಫಿಕ್ಕು, ಕರ್ವೆನಗರದಲ್ಲಿ ಬಾಡಿಗೆ ಮನೆ. ಔಂಧ್ ಕಡೆ ಹೋಗುವಾಗ ಎದುರಾಗುವ ವಿಶ್ವವಿದ್ಯಾಲಯಕ್ಕೆ 2014ರಿಂದ ಸಾವಿತ್ರಿಬಾಯಿ ಫುಲೆ ಹೆಸರು. ಹಬ್ಬಕ್ಕೆ ಸೀರೆ ತಗೊಳ್ಳೋಕೆ ಲಕ್ಷ್ಮೀ ರೋಡಿಗೆ ಹೋದರೆ ಒಂದು ಕಡೆ ಹುಜೂರ್‌ಪಾಗಾ ಶಾಲೆ, ಇನ್ನೊಂದು ಕಡೆ ಸೇವಾ ಸದನ. ನಮಗೆ ಇವೆಲ್ಲ ಗೂಗಲ್ ಮ್ಯಾಪಿನ ಗುರುತುಗಳು. ಆದರೆ ಈ ಹೆಸರುಗಳ ಹಿಂದೆ ಹೋದರೆ ಎಲ್ಲ ಕಡೆಯೂ ಒಬ್ಬಳೇ ಹುಡುಗಿ ಸಿಗುತ್ತಾಳೆ. ಒಂಬತ್ತಕ್ಕೋ ಹತ್ತಕ್ಕೋ ಮದುವೆ, ಹದಿನಾಲ್ಕಕ್ಕೆ ಬಸುರಿ, ಕೆಲವು ಸಲ ಹದಿನೈದಕ್ಕೇ ವಿಧವೆ. ಅವಳು ಮತ್ತೆ ಪಾಟಿ ಬಳಪ ಹಿಡಿಯೋದು ಹೇಗೆ ಅನ್ನೋ ಪ್ರಶ್ನೆಯನ್ನು ಹಿಂದೂಸ್ತಾನದಲ್ಲಿ ಬೇರೆ ಯಾವ ಊರೂ ಪುಣೆಯಷ್ಟು ಹಟ ಹಿಡಿದು ಕೇಳಿಕೊಂಡಿಲ್ಲ ಅಂತ ನನಗನ್ನಿಸುತ್ತೆ.

ಆ ಹುಡುಗಿ ಇಂದಿಗೂ ಇದೇ ಊರಲ್ಲಿದ್ದಾಳೆ. ವಾಡೆಗಳಿಂದ ವಸ್ತಿಗಳಿಗೆ ಜಾಗ ಬದಲಾಯಿಸಿದ್ದಾಳೆ, ಅಷ್ಟೇ. ಹಲವು ಸಲ ಅವಳು ಮಾತಾಡೋದು ಕನ್ನಡ. ಆದ್ದರಿಂದಲೇ ಈ ವಿಷಯ ಆರಿಸಿಕೊಂಡೆ.

ಶುರು ಮಾಡಬೇಕಾದ್ದು ಶಾಲೆಯಿಂದ ಅಲ್ಲ, ಒಂದು ಬಾವಿಯಿಂದ. 1863ರಲ್ಲಿ ಪುಣೆಯಲ್ಲಿ ಕಾಶೀಬಾಯಿ ಅನ್ನೋ ಬ್ರಾಹ್ಮಣ ವಿಧವೆ ಒಬ್ಬರ ಮನೆಯಲ್ಲಿ ಅಡುಗೆ ಮಾಡಿಕೊಂಡಿದ್ದಳು. ಆ ಮನೆ ಜೋತಿರಾವ್ ಫುಲೆಯವರ ಸ್ನೇಹಿತ ಗೋವಂಡೆಯವರದು. ಒಬ್ಬ ಶಾಸ್ತ್ರಿಯಿಂದ ಬಸುರಾದಳು. ಹೆರಿಗೆ ಆಯ್ತು, ಹೆದರಿ ಕೂಸನ್ನು ಕೊಂದು ಬಾವಿಗೆ ಹಾಕಿದಳು. ಕೋರ್ಟು ಅವಳಿಗೆ ಅಂಡಮಾನಿನ ಜೀವಾವಧಿ ಶಿಕ್ಷೆ ಕೊಟ್ಟಿತು. ಅದೇ ವರ್ಷ ಫುಲೆ ದಂಪತಿ ತಮ್ಮ ಮನೆಯಲ್ಲೇ ‘ಬಾಲಹತ್ಯಾ ಪ್ರತಿಬಂಧಕ ಗೃಹ’ ತೆರೆದರು. ಊರಲ್ಲೆಲ್ಲ ಚೀಟಿ ಅಂಟಿಸಿದರು. ಗುಟ್ಟಾಗಿ ಬಂದು ಹೆತ್ತು ಹೋಗಿ, ಕೂಸನ್ನು ಒಯ್ಯುವುದೋ ಇಲ್ಲೇ ಬಿಡುವುದೋ ನಿಮ್ಮ ಇಷ್ಟ ಅನ್ನೋದು ಅದರ ತಾತ್ಪರ್ಯ. 1884ರ ಡಿಸೆಂಬರಿನಲ್ಲಿ ಜೋತಿರಾವ್ ಸರ್ಕಾರಕ್ಕೆ ಬರೆದ ಕಾಗದದಲ್ಲಿ ಅಲ್ಲಿಯವರೆಗೆ ಬಂದ ಹೆಂಗಸರ ಲೆಕ್ಕ ಕೊಡುತ್ತಾರೆ: 35. ಇಪ್ಪತ್ತೊಂದು ವರ್ಷಕ್ಕೆ 35 ಜನ. ಸಣ್ಣ ಸಂಖ್ಯೆ ಅನ್ನಿಸಬಹುದು. ಆದರೆ ಗೋಡೆಯ ಮೇಲಿನ ಚೀಟಿ ಓದಿಸಿಕೊಂಡು, ರಾತ್ರಿಯಲ್ಲಿ ಮುಖ ಮುಚ್ಚಿಕೊಂಡು, ಶೂದ್ರರ ಮನೆಯ ಬಾಗಿಲು ತಟ್ಟಲು ಎಷ್ಟು ಧೈರ್ಯ ಬೇಕಿತ್ತು ಯೋಚಿಸಿ.

1874ರಲ್ಲಿ ಹಾಗೆ ಬಂದ ಒಬ್ಬಳು ಹೆತ್ತ ಗಂಡುಮಗುವನ್ನು ಸಾವಿತ್ರಿಬಾಯಿ ತಾವೇ ದತ್ತು ತಗೊಂಡರು. ಆ ಯಶವಂತ ಮುಂದೆ ಡಾಕ್ಟರಾದರು. 1897ರ ಪ್ಲೇಗಿನಲ್ಲಿ ರೋಗಿಗಳ ಆರೈಕೆ ಮಾಡುತ್ತಲೇ ಸಾವಿತ್ರಿಬಾಯಿ ತೀರಿಹೋದರು.

ಇಲ್ಲಿ ಒಂದು ಮಾತು ಗಮನಿಸಿ. 1848ರಲ್ಲೇ ಭಿಡೆ ವಾಡೆಯಲ್ಲಿ ಹೆಣ್ಣುಮಕ್ಕಳ ಶಾಲೆ ನಡೆಸಿದ ಅದೇ ದಂಪತಿ 1863ರಲ್ಲಿ ಹೆರಿಗೆಯ ಮನೆ ತೆರೆದಾಗ ಅದನ್ನು ಶಾಲೆಯಾಗಿ ಮಾಡಲಿಲ್ಲ. ಮಾಡಲು ಆಗುತ್ತಲೂ ಇರಲಿಲ್ಲ. ಆ ಮನೆಯ ಕೆಲಸ ಎರಡು ಜೀವ ಉಳಿಸೋದು. ತಾಯಿ ಒಂದು ದಾರಿ, ಕೂಸು ಒಂದು ದಾರಿ. ಇಬ್ಬರೂ ಒಟ್ಟಿಗೆ ಬದುಕಿ, ತಾಯಿ ಓದುವ ಮೂರನೇ ದಾರಿ ಆಗ ಯಾರ ಕಲ್ಪನೆಗೂ ಎಟುಕುತ್ತಿರಲಿಲ್ಲ.

ಇನ್ನೊಬ್ಬಳು ಹುಡುಗಿ ಎಲ್ಲರಿಗೂ ಗೊತ್ತಿರೋಳು, ಆನಂದಿಬಾಯಿ ಜೋಶಿ. 1865ರಲ್ಲಿ ಹುಟ್ಟಿದ್ದು, ಒಂಬತ್ತನೇ ವಯಸ್ಸಿಗೆ ಗೋಪಾಲರಾವ್ ಜೋಶಿಯವರ ಜೊತೆ ಮದುವೆ, ಹದಿನಾಲ್ಕಕ್ಕೆ ಗಂಡುಮಗು. ಮಗು ಹತ್ತು ದಿನ ಬದುಕಿತು. ಸರಿಯಾದ ವೈದ್ಯಕೀಯ ನೆರವು ಸಿಗದೆ ಹೋದ ಆ ಕೂಸೇ ಅವಳನ್ನು ಡಾಕ್ಟರ್ ಓದಲು ಹಚ್ಚಿತು ಅಂತ ನಮ್ಮ ಪಠ್ಯಪುಸ್ತಕಗಳು ಹೇಳುತ್ತವೆ, ಸರಿಯೇ. 1886ರಲ್ಲಿ ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಿಂದ ಡಿಗ್ರಿ, 1887ರ ಫೆಬ್ರವರಿಯಲ್ಲಿ ಪುಣೆಯಲ್ಲಿ ಕ್ಷಯದಿಂದ ಸಾವು. ಇಪ್ಪತ್ತೆರಡು ಕೂಡ ತುಂಬಿರಲಿಲ್ಲ. ಈ ಕಥೆ ಓದಿದಾಗೆಲ್ಲ ನನಗೆ ಕಾಡೋ ಪ್ರಶ್ನೆ ಬೇರೆಯದು, ಸ್ವಲ್ಪ ಕಠೋರವಾದ್ದು. ಆ ಕೂಸು ಬದುಕಿದ್ದರೆ? ಮೂರು ವರ್ಷದ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಅವಳನ್ನು ಯಾವ ಹಡಗು, ಯಾವ ಕಾಲೇಜು, ಯಾವ ಗಂಡ ಕಳಿಸುತ್ತಿದ್ದರು?

ಈ ಪ್ರಶ್ನೆಗೆ ಉತ್ತರ ಬದುಕಿ ತೋರಿಸಿದವಳು ಕನ್ನಡ ನೆಲದಲ್ಲಿ ಹುಟ್ಟಿದವಳು. ಪಂಡಿತಾ ರಮಾಬಾಯಿ. 1858ರಲ್ಲಿ, ನಮ್ಮ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಹೆಂಡತಿಗೆ ಸಂಸ್ಕೃತ ಕಲಿಸಿದ ತಪ್ಪಿಗೆ ಊರವರ ವಿರೋಧ ಕಟ್ಟಿಕೊಂಡು ಕಾಡಿನಲ್ಲಿ ಆಶ್ರಮ ಮಾಡಿಕೊಂಡಿದ್ದರು. ಬರಗಾಲದಲ್ಲಿ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡು, ದೇಶವೆಲ್ಲ ಕಾಲ್ನಡಿಗೆಯಲ್ಲಿ ಸುತ್ತಿ, ಕಲ್ಕತ್ತೆಯಲ್ಲಿ ‘ಪಂಡಿತಾ’ ಅನ್ನಿಸಿಕೊಂಡಳು. ಬಂಗಾಳಿ ವಕೀಲರನ್ನು ಮದುವೆಯಾಗಿ, 1882ರಲ್ಲಿ ಗಂಡನನ್ನೂ ಕಳೆದುಕೊಂಡಾಗ ಕೈಯಲ್ಲಿ ಇನ್ನೂ ಒಂದು ವರ್ಷವೂ ತುಂಬದ ಮಗಳು ಮನೋರಮಾ. ವಯಸ್ಸಿನಲ್ಲಿ ರಮಾಬಾಯಿ ‘ಟೀನೇಜ್’ ತಾಯಿಯಲ್ಲ, ಇಪ್ಪತ್ತಮೂರು. ಆದರೂ ಇಲ್ಲಿ ಹೇಳಬೇಕಾದ್ದು ಯಾಕೆ ಅಂದರೆ, ಪುಣೆಗೆ ಬಂದ ಅದೇ ವರ್ಷ ಅವಳು ಆರ್ಯ ಮಹಿಳಾ ಸಮಾಜ ಕಟ್ಟಿದಳು, ಹಂಟರ್ ಶಿಕ್ಷಣ ಆಯೋಗದ ಮುಂದೆ ಸಾಕ್ಷಿ ಹೇಳಿದಳು. ಮರುವರ್ಷ ಮಗುವನ್ನು ಜೊತೆಗಿಟ್ಟುಕೊಂಡೇ ಇಂಗ್ಲೆಂಡಿಗೆ ಓದಲು ಹೊರಟಳು. ಹೇಗೆ ಸಾಧ್ಯವಾಯಿತು? ವಾಂಟೇಜ್ ಎಂಬ ಊರಿನ ಕ್ರೈಸ್ತ ಸನ್ಯಾಸಿನಿಯರು ತಾಯಿ ಮಗು ಇಬ್ಬರಿಗೂ ಜಾಗ ಕೊಟ್ಟರು. ರಮಾಬಾಯಿಯ ಬುದ್ಧಿಶಕ್ತಿಯ ಬಗ್ಗೆ ನೂರು ಪುಸ್ತಕ ಇವೆ. ಕೂಸಿಗೆ ಒಂದು ತೊಟ್ಟಿಲು ಸಿಕ್ಕ ಸಂಗತಿಯನ್ನು ಅದರಷ್ಟೇ ದೊಡ್ಡದಾಗಿ ಯಾರೂ ಬರೆದಿಲ್ಲ.

1889ರಲ್ಲಿ ಅವಳು ಮುಂಬೈಯಲ್ಲಿ ಶಾರದಾ ಸದನ ತೆರೆದು, ಮರುವರ್ಷ ಪುಣೆಗೆ ತಂದಳು. ಬಾಲವಿಧವೆಯರಿಗೆ ವಸತಿ, ಊಟ, ಓದು. ಆರಂಭದಲ್ಲೇ ಸೇರಿದವರಲ್ಲಿ ಒಬ್ಬಳು ಗೋದೂಬಾಯಿ. 1893ರಲ್ಲಿ ಇವಳನ್ನೇ ಫರ್ಗ್ಯುಸನ್ ಕಾಲೇಜಿನ ಗಣಿತದ ಮೇಷ್ಟ್ರು ಧೋಂಡೋ ಕೇಶವ ಕರ್ವೆ ಮದುವೆಯಾದರು, ಅವಳು ಆನಂದಿಬಾಯಿ ಕರ್ವೆ ಆದಳು. ಅದೇ ಹೊತ್ತಿಗೆ ಸದನದಲ್ಲಿ ಮತಾಂತರ ಆಗುತ್ತಿದೆ ಅನ್ನೋ ಗಲಾಟೆ ಎದ್ದು, ಪೋಷಕರು ಎಷ್ಟೋ ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ಆ ವಾದದ ಒಳಹೊಕ್ಕರೆ ಇವತ್ತು ಹೊರಗೆ ಬರೋಕಾಗಲ್ಲ, ಇಲ್ಲಿಗೆ ಬಿಡೋಣ. ರಮಾಬಾಯಿ ಮುಂದೆ ಕೇಡ್ಗಾಂವಿಗೆ ಹೋಗಿ ಮುಕ್ತಿ ಮಿಷನ್ ಕಟ್ಟಿದಳು. ಮಗಳು ಮನೋರಮಾ ಬೆಳೆದು ತಾಯಿಯ ಬಲಗೈ ಆದಳು. 1910ರ ದಶಕದಲ್ಲಿ ತಾಯಿ ಮಗಳು ಸೇರಿ ಕಲಬುರಗಿಯಲ್ಲೂ ಒಂದು ಶಾಲೆ ಶುರು ಮಾಡಿದರು. ಕಲಬುರಗಿ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೆ.

ಈಗ ಟೈಮ್‌ಟೇಬಲ್ ಜಗಳ. ಐಟಿಯಲ್ಲಿರುವ ನಮಗೆ ಇದು ಬೇಗ ಅರ್ಥವಾಗುತ್ತೆ.

1880ರ ದಶಕದ ನಡುವೆ ಹುಜೂರ್‌ಪಾಗಾ ಹೈಸ್ಕೂಲು ಶುರುವಾದಾಗ ಅದರ ಸಮಯ ಬೆಳಗ್ಗೆ 11ರಿಂದ ಸಂಜೆ 5. ಗಂಡುಮಕ್ಕಳ ಶಾಲೆ ಹೇಗೋ ಹಾಗೆ. ಲೋಕಮಾನ್ಯ ತಿಲಕರು ಇದನ್ನು ಬಲವಾಗಿ ವಿರೋಧಿಸಿದರು. ಮದುವೆಯಾದ ಹುಡುಗಿ ಅತ್ತೆಮನೆಯಲ್ಲಿ ಕೆಲಸ ಕಲಿಯಬೇಕು, ಇಡೀ ದಿನ ಶಾಲೆಯಲ್ಲಿ ಕೂತರೆ ಸಂಸಾರ ನಡೆಯೋದು ಹೇಗೆ, ಬೆಳಗ್ಗೆಯೋ ಮಧ್ಯಾಹ್ನವೋ ಮೂರು ಗಂಟೆ ಸಾಕು ಅನ್ನೋದು ಅವರ ವಾದ. ಇವತ್ತು ಓದಿದರೆ ಸಿಟ್ಟು ಬರುತ್ತೆ, ಬರಲಿ. ಹುಡುಗಿ ಮೊದಲು ಸೊಸೆ, ಆಮೇಲೆ ವಿದ್ಯಾರ್ಥಿನಿ ಅನ್ನೋದೇ ಅದರ ಒಳಗಿನ ಮಾತು. ಆದರೆ ಸಿಟ್ಟಿನಲ್ಲಿ ಒಂದು ನಿಜ ಮರೆಯಬಾರದು. 11ರಿಂದ 5ರ ಶಾಲೆ ಕೂಸಿರುವ ಹುಡುಗಿಗೆ ಇರುವ ಶಾಲೆ ಅಲ್ಲವೇ ಅಲ್ಲ. ವಿರೋಧಿಸಿದವರು ಆ ಅಡ್ಡಿಯನ್ನು ಅವಳನ್ನು ಮನೆಯಲ್ಲಿ ಉಳಿಸಿಕೊಳ್ಳಲು ಬಳಸಿದರು. ಇನ್ನೊಂದು ಗುಂಪು ಅದೇ ಅಡ್ಡಿಯನ್ನು ಅವಳನ್ನು ಹೊರಗೆ ತರಲು ಬಳಸಿತು.

ಆ ಗುಂಪಿನ ಮುಂದಾಳು ರಮಾಬಾಯಿ ರಾನಡೆ. (ಹೌದು, ಇನ್ನೊಬ್ಬ ರಮಾಬಾಯಿ, ಗೊಂದಲ ಬೇಡ.) ಹನ್ನೊಂದಕ್ಕೆ ಮದುವೆಯಾಗಿ, ಮನೆಯ ಹೆಂಗಸರ ಕುಹಕದ ನಡುವೆ ಗಂಡ ಮಹಾದೇವ ಗೋವಿಂದ ರಾನಡೆಯವರ ಹತ್ತಿರ ಅಕ್ಷರ ಕಲಿತವರು. 1909ರಲ್ಲಿ ಗೋಪಾಲಕೃಷ್ಣ ದೇವಧರರ ಜೊತೆ ಪುಣೆ ಸೇವಾ ಸದನ ಕಟ್ಟಿದಾಗ, ಮದುವೆಯಾದ, ಮಕ್ಕಳಿರುವ ಹೆಂಗಸರಿಗಾಗಿಯೇ ಮಧ್ಯಾಹ್ನದ ತರಗತಿ ಇಟ್ಟರು. ಅಡುಗೆ ಮುಗಿದಿರುತ್ತೆ, ಗಂಡಸರು ಕಚೇರಿಯಲ್ಲಿರುತ್ತಾರೆ, ಅತ್ತೆ ಮಲಗಿರುತ್ತಾಳೆ. ಆ ಬಿಡುವಿನಲ್ಲಿ ಶಾಲೆ. ಅಲ್ಲಿಂದ ಹೊರಬಂದವರಲ್ಲಿ ಟೀಚರುಗಳು, ನರ್ಸುಗಳು ಇದ್ದರು. ಕ್ರಾಂತಿ ಅನ್ನೋ ಪದಕ್ಕೆ ಇದು ತುಂಬ ಸಪ್ಪೆ ಅನ್ನಿಸಬಹುದು. ನನಗೆ ಮಾತ್ರ ಪುಣೆಯ ಸುಧಾರಣೆಯ ಇತಿಹಾಸದಲ್ಲಿ ಇದಕ್ಕಿಂತ ಬುದ್ಧಿವಂತ ಕೆಲಸ ಕಾಣೋದಿಲ್ಲ. ಹುಡುಗಿಯನ್ನು ಶಾಲೆಯ ಅಳತೆಗೆ ಕತ್ತರಿಸದೆ ಶಾಲೆಯನ್ನು ಅವಳ ಅಳತೆಗೆ ಹೊಲಿದರು.

ಕರ್ವೆಯವರ ದಾರಿ ಬೇರೆ. 1896ರಲ್ಲಿ ಅನಾಥ ಬಾಲಿಕಾಶ್ರಮ. ಊರೊಳಗೆ ವಿಧವೆಯರಿಗೆ ಜಾಗ ಕೊಡುವವರಿಲ್ಲದೆ, ಗೋಖಲೆ ಅನ್ನೋ ದಾನಿ ಕೊಟ್ಟ ಆರು ಎಕರೆಯಲ್ಲಿ ಊರಾಚೆ ಹಿಂಗಣೆ ಹಳ್ಳಿಯಲ್ಲಿ ಗುಡಿಸಲು ಹಾಕಿದರು. ಮಳೆಗಾಲದಲ್ಲಿ ಕೆಸರು ತುಳಿದು ಕಾಲೇಜಿಗೂ ಆಶ್ರಮಕ್ಕೂ ನಡೆದು ಓಡಾಡುತ್ತಿದ್ದರು. ಆ ಹಿಂಗಣೆಯೇ ಇಂದಿನ ಕರ್ವೆನಗರ. ಆನಂದಿಬಾಯಿಯ ತಂಗಿ ಪಾರ್ವತಿಬಾಯಿ ಆಠವಲೆ ಇಪ್ಪತ್ತರ ಹೊತ್ತಿಗೆ ವಿಧವೆ, ಒಬ್ಬ ಮಗನ ತಾಯಿ. ಅಕ್ಕ ಭಾವನ ಆಸರೆಯಲ್ಲಿ, ಇಪ್ಪತ್ತೈದು ದಾಟಿದ ಮೇಲೆ ಸಣ್ಣ ಹುಡುಗಿಯರ ಜೊತೆ ಅಕ್ಷರ ಕಲಿತು, ಮುಂದೆ ಹಿಂಗಣೆ ಆಶ್ರಮದ ಮೇಲ್ವಿಚಾರಕಿಯಾದರು. ಆಶ್ರಮಕ್ಕೆ ಹಣ ಕೂಡಿಸಲು ದೇಶ ಸುತ್ತಿದರು, ಅಮೆರಿಕಕ್ಕೂ ಹೋಗಿಬಂದರು. ‘ಮಾಝೀ ಕಹಾಣಿ’ ಅಂತ ಆತ್ಮಕಥೆ ಬರೆದಿದ್ದಾರೆ. ಮರಾಠಿ ಬರುವ ನಮ್ಮವರು ದಯವಿಟ್ಟು ಓದಿ, ಇಂಗ್ಲಿಷ್ ಅನುವಾದವೂ ಇದೆ.

ಇಲ್ಲಿವರೆಗೆ ಬಂದ ಹೆಸರುಗಳನ್ನು ಒಮ್ಮೆ ಹಿಂತಿರುಗಿ ನೋಡಿ. ಓದಿ ಮುಂದೆ ಬಂದವರೆಲ್ಲರ ಹಿಂದೆಯೂ ಕೂಸಿಗೆ ಒಂದು ಏರ್ಪಾಡಿತ್ತು. ಸನ್ಯಾಸಿನಿಯರ ಮಠ, ಅಕ್ಕನ ಮನೆ, ಮಲಗಿದ ಅತ್ತೆಯ ಪಕ್ಕದ ತೊಟ್ಟಿಲು. ಇಲ್ಲವೇ ಕೂಸೇ ಇರಲಿಲ್ಲ. ಇನ್ನೊಂದು ಸಂಗತಿಯೂ ಇದೆ. ಫುಲೆಯವರನ್ನು ಬಿಟ್ಟರೆ, ಈ ಸಂಸ್ಥೆಗಳನ್ನು ಕಟ್ಟಿದವರು ಬಹುಪಾಲು ಮೇಲ್ಜಾತಿಯವರು, ಅವರ ಮುಂದಿದ್ದದ್ದು ತಮ್ಮದೇ ಓಣಿಯ ಹೆಣ್ಣುಮಕ್ಕಳು. ಸದಾಶಿವ ಪೇಠೆಯಲ್ಲಿ, ಶನಿವಾರ ಪೇಠೆಯಲ್ಲಿ ಹದಿನಾಲ್ಕರ ತಾಯಿ ಅಂದರೆ ಅಂದು ವಿಶೇಷವಲ್ಲ, ಅದೇ ವಾಡಿಕೆ.

ಆಮೇಲೆ ಕಾನೂನು ಬದಲಾಯಿತು. 1891ರಲ್ಲಿ ಸಮ್ಮತಿ ವಯಸ್ಸು ಹತ್ತರಿಂದ ಹನ್ನೆರಡಕ್ಕೆ ಏರಿದ್ದಕ್ಕೇ ಪುಣೆ ಎರಡು ಹೋಳಾಗಿತ್ತು. 1929ರ ಶಾರದಾ ಕಾಯ್ದೆ ಹುಡುಗಿಯ ಮದುವೆಗೆ ಹದಿನಾಲ್ಕು ಅಂತ ಗೆರೆ ಹಾಕಿತು. 1978ರಲ್ಲಿ ಅದು ಹದಿನೆಂಟಾಯಿತು, 2006ರಲ್ಲಿ ಇನ್ನಷ್ಟು ಬಿಗಿಯಾದ ಹೊಸ ಕಾಯ್ದೆ ಬಂತು. ಒಳ್ಳೆಯದೇ ಆಯಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇದರ ನೆರಳಲ್ಲಿ ಇನ್ನೊಂದು ನಡೆಯಿತು ಅಂತ ನನ್ನ ಓದು. ಪೇಠೆಗಳ ಹುಡುಗಿಯರು ತಡವಾಗಿ ಮದುವೆಯಾಗತೊಡಗಿದಂತೆ, ಎಳೆಯ ತಾಯಿಗೆಂದು ಹೊಲಿದ ಶಾಲೆಯ ಅಗತ್ಯವೇ ಇಲ್ಲ ಅನ್ನಿಸಿಬಿಟ್ಟಿತು. ಆ ಸಂಸ್ಥೆಗಳು ಬೆಳೆದವು, ಕಾಲೇಜುಗಳಾದವು, ಕರ್ವೆಯವರ ಕೆಲಸ ಮಹಿಳಾ ವಿಶ್ವವಿದ್ಯಾಲಯವೇ ಆಯಿತು. ಎಳೆಯ ತಾಯಿ ಮಾತ್ರ ಅಷ್ಟರಲ್ಲಿ ಇನ್ನೊಂದು ಪುಣೆಗೆ ಸೇರಿದ್ದಳು.

ಆ ಇನ್ನೊಂದು ಪುಣೆ ನಮಗೆ ಅಪರಿಚಿತ ಏನಲ್ಲ. ಪರ್ವತಿ ಗುಡ್ಡದ ಮೈಮೇಲಿನ ಜನತಾ ವಸಾಹತ್. ಸೇನಾಪತಿ ಬಾಪಟ್ ರೋಡಿನ ಹತ್ತಿರದ ವಡಾರವಾಡಿ, ಅಂದರೆ ನಮ್ಮ ವಡ್ಡರ ವಾಡಿ. 1972ರ ಬರಕ್ಕೆ ಮರಾಠವಾಡಾ, ಬಿಜಾಪುರ, ಗುಲ್ಬರ್ಗ ಕಡೆಯಿಂದ ಗುಳೆ ಬಂದವರ ಮಕ್ಕಳು ಮೊಮ್ಮಕ್ಕಳು ಇಂಥ ವಸ್ತಿಗಳಲ್ಲಿದ್ದಾರೆ. ಬೆಳಗ್ಗೆ ಮಜೂರ್ ಅಡ್ಡಾದಲ್ಲಿ ಬುತ್ತಿ ಹಿಡಿದು ನಿಂತವರ ಮಾತಿಗೆ ಕಿವಿ ಕೊಟ್ಟರೆ ಯಾದಗಿರಿ, ಕಲಬುರಗಿ, ವಿಜಯಪುರದ ಕನ್ನಡ ಕೇಳಿಸುತ್ತೆ. ವಾಕಡ್, ಬಾಣೇರ್, ಖರಾಡಿಯಲ್ಲಿ ನಾವು ಇಎಂಐ ಕಟ್ಟುತ್ತಿರುವ ಟವರುಗಳ ಸೆಂಟ್ರಿಂಗ್, ಪ್ಲಾಸ್ಟರ್ ಕೆಲಸದಲ್ಲಿ ಅವರ ಕೈ ಇದೆ.

ಲೆಕ್ಕ ಹೀಗಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ, 20ರಿಂದ 24ರ ವಯಸ್ಸಿನ ಹೆಂಗಸರಲ್ಲಿ ಹದಿನೆಂಟಕ್ಕೆ ಮೊದಲೇ ಮದುವೆಯಾದವರು ಮಹಾರಾಷ್ಟ್ರದಲ್ಲಿ ಶೇ. 21.9, ಕರ್ನಾಟಕದಲ್ಲಿ ಶೇ. 21.3. ಹೆಚ್ಚೂಕಡಿಮೆ ಐವರಲ್ಲಿ ಒಬ್ಬಳು. 15ರಿಂದ 19ರೊಳಗೆ ಆಗಲೇ ತಾಯಿಯಾದ ಅಥವಾ ಬಸುರಿಯಾಗಿದ್ದವರು ದೇಶದಲ್ಲಿ ಶೇ. 6.8, ಮಹಾರಾಷ್ಟ್ರದಲ್ಲಿ ಶೇ. 7.6. ಮುಂಬೈ ಪುಣೆ ಇರುವ ರಾಜ್ಯ ದೇಶದ ಸರಾಸರಿಗಿಂತ ಹಿಂದಿದೆ.

ಈ ಹುಡುಗಿ ಶಾಲೆಗೆ ಮರಳಬೇಕು ಅಂದರೆ ಏನಾಗುತ್ತೆ? ಯಾರೋ ಒಬ್ಬಳ ನಿಜ ಕಥೆ ಹೇಳೋದು ಬೇಡ, ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಹುಡುಗಿಗೆ ಹದಿನಾರು. ಊರಲ್ಲಿ ಕನ್ನಡ ಶಾಲೆಯಲ್ಲಿ ಏಳನೇ ಕ್ಲಾಸು ಮುಗಿದಿದೆ. ಹದಿನೈದಕ್ಕೆ ಮದುವೆ, ಈಗ ಎಂಟು ತಿಂಗಳ ಕೂಸು. ಗಂಡ ಸೈಟಿನಲ್ಲಿ, ಅತ್ತೆ ನಾಲ್ಕು ಮನೆ ಕೆಲಸಕ್ಕೆ. ಹೌದು, ನಮ್ಮ ಮನೆಯೂ ಅದರಲ್ಲಿ ಒಂದಿರಬಹುದು.

ಶಾಲೆಗೆ ಬರಬೇಡ ಅಂತ ಅವಳಿಗೆ ಯಾವ ಕಾನೂನೂ ಹೇಳೋದಿಲ್ಲ. ಆಫ್ರಿಕಾದ ಕೆಲವು ದೇಶಗಳಲ್ಲಿ ಹೇಳುತ್ತಿದ್ದರು. ಸಿಯೆರಾ ಲಿಯೋನ್ 2020ರವರೆಗೆ, ಟಾಂಜಾನಿಯಾ 2021ರವರೆಗೆ ಬಸುರಿ ಹುಡುಗಿಯರನ್ನು ಶಾಲೆಯಿಂದ ಹೊರಗಿಟ್ಟವು. ಕೀನ್ಯಾ 1994ರಲ್ಲೇ, ಜಾಂಬಿಯಾ 1997ರಲ್ಲೇ ಹೆತ್ತ ಹುಡುಗಿಯರು ಮರಳಿ ಬರಬಹುದು ಅಂತ ಬರವಣಿಗೆಯಲ್ಲಿ ನಿಯಮ ಮಾಡಿದವು. ನಮ್ಮಲ್ಲಿ ಅಂಥ ನಿಷೇಧವಿಲ್ಲ, ಕೈಹಿಡಿದು ಕರೆತರುವ ಅಂಥ ನಿಯಮವೂ ಇಲ್ಲ. ಆ ಹುಡುಗಿ ಇದ್ದಾಳೆ ಅಂತಲೇ ಕಾಗದದಲ್ಲಿ ಒಪ್ಪಿಕೊಂಡಿಲ್ಲ.

2009ರ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕರವರೆಗೆ. ನಡುವೆ ಬಿಟ್ಟವರನ್ನು ವಯಸ್ಸಿಗೆ ತಕ್ಕ ಕ್ಲಾಸಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕು ಅಂತ ಅದರಲ್ಲಿದೆ. ಟಿಸಿ ತಡವಾಯಿತು ಅಂತ ಸೇರಿಸದೆ ಇರುವಂತಿಲ್ಲ ಅಂತಲೂ ಇದೆ. ಚೆನ್ನಾಗಿದೆ. ಆದರೆ ಅವಳಿಗೆ ಹದಿನಾರು. ಮೇಲಾಗಿ ಅವಳ ಓದು ಕನ್ನಡದಲ್ಲಿ, ಪಕ್ಕದ ಶಾಲೆ ಮರಾಠಿಯಲ್ಲಿ. ಪುಣೆಯಲ್ಲಿ ಕನ್ನಡ ಸಂಘದ ಶಾಲೆ ಇದೆ ನಿಜ, ಖರಾಡಿಯ ಲೇಬರ್ ಕ್ಯಾಂಪಿನಿಂದ ಎರಂಡವಣೆಗೆ ಎರಡು ಬಸ್ಸು ಬದಲಿಸಿ ಬರೋರು ಯಾರು? ಟವರ್ ಮುಗಿದರೆ ಕ್ಯಾಂಪೇ ಎತ್ತುತ್ತೆ.

ಇದಕ್ಕಿಂತ ದೊಡ್ಡ ಅಡ್ಡಿ ಭಯ. ಬಾಲ್ಯವಿವಾಹ ಅಪರಾಧ, ಹಾಗಾಗಿ ಮದುವೆಯ ವಿಷಯ ಯಾರ ಮುಂದೆಯೂ ಬಾಯಿಬಿಡುವಂತಿಲ್ಲ. 2012ರ ಪೋಕ್ಸೋ ಕಾಯ್ದೆಯ 19ನೇ ಕಲಂ ಪ್ರಕಾರ ಹದಿನೆಂಟರೊಳಗಿನ ಹುಡುಗಿ ಬಸುರಿ ಅಂತ ಗೊತ್ತಾದ ಡಾಕ್ಟರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ಅವರಿಗೇ ಶಿಕ್ಷೆ. ಮಕ್ಕಳನ್ನು ಕಾಪಾಡಲು ಮಾಡಿದ ಕಾನೂನು, ಬೇಕಾದ ಕಾನೂನೇ. ವಸ್ತಿಯಲ್ಲಿ ಅದು ಕೇಳಿಸುವ ರೀತಿ ಬೇರೆ: ಆಸ್ಪತ್ರೆಗೆ ಹೋದರೆ ಗಂಡ ಜೈಲಿಗೆ. ಗರ್ಭಪಾತದ ಪ್ರಕರಣದಲ್ಲಿ ಹುಡುಗಿಯ ಗುರುತು ಪೊಲೀಸರಿಗೆ ಕೊಡಬೇಕಿಲ್ಲ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹೆತ್ತು ಸಾಕುತ್ತಿರುವವಳಿಗೆ ಅದರಿಂದ ಏನೂ ಸಿಗಲಿಲ್ಲ. ಹೆರಿಗೆ ಕಾರ್ಡು, ಕೂಸಿನ ಜನನ ನೋಂದಣಿ ಫಾರ್ಮು, ಎಲ್ಲದರಲ್ಲೂ ತಾಯಿಯ ವಯಸ್ಸಿನ ಜಾಗ ಇರುತ್ತೆ. ಅಲ್ಲಿ ಹತ್ತೊಂಬತ್ತು ಅಂತ ಬರೆಸಿದರೆ ಮುಂದೆ ಶಾಲೆಯ ದಾಖಲೆಗೆ ತಾಳೆಯಾಗಲ್ಲ. ಹದಿನಾರು ಅಂತ ಬರೆಸಿದರೆ ಪೊಲೀಸು. ಕಾಶೀಬಾಯಿ ಬಾವಿಯ ಮುಂದೆ ನಿಂತ ಕಾಲಕ್ಕೂ ಇದಕ್ಕೂ ಅಜಗಜಾಂತರ ಇದೆ, ಒಪ್ಪುತ್ತೇನೆ. ಆದರೆ ‘ಯಾರಿಗೂ ಗೊತ್ತಾಗಬಾರದು’ ಅನ್ನೋ ಮಾತು ಮಾತ್ರ ಅದೇ ಇದೆ.

ಇಷ್ಟೆಲ್ಲ ದಾಟಿ ಅವಳು ಹತ್ತನೇ ಕ್ಲಾಸ್ ಕಟ್ಟುತ್ತೇನೆ ಅಂದಳು ಅಂತಿಟ್ಟುಕೊಳ್ಳಿ. ಮಹಾರಾಷ್ಟ್ರದಲ್ಲಿ ಅದಕ್ಕೊಂದು ಒಳ್ಳೆಯ ದಾರಿ ಇದೆ. ಎಲ್ಲರೂ ‘17 ನಂಬರ್ ಫಾರ್ಮ್’ ಅಂತ ಕರೆಯೋದು. ಐದನೇ ಕ್ಲಾಸ್ ಪಾಸಾಗಿ ಹದಿನಾಲ್ಕು ತುಂಬಿದ್ದರೆ ಖಾಸಗಿಯಾಗಿ ಎಸ್‌ಎಸ್‌ಸಿ ಬರೆಯಬಹುದು. ‘ಪ್ರಥಮ್’ ಸಂಸ್ಥೆಯ ‘ಸೆಕೆಂಡ್ ಚಾನ್ಸ್’ನಂಥ ತರಗತಿಗಳು ಇಂಥವರಿಗೇ ಪಾಠ ಮಾಡುತ್ತವೆ. ರಾತ್ರಿ ಶಾಲೆಗಳೂ ಪುಣೆಗೆ ಹೊಸದಲ್ಲ, ಫುಲೆ ದಂಪತಿ 1855ರಲ್ಲೇ ಕೂಲಿಗಳಿಗಾಗಿ ನಡೆಸಿದ್ದರು. ದಿನಕ್ಕೆ ಎರಡು ಮೂರು ಗಂಟೆ ಕೂತರೆ ಸಾಕು.

ಆ ಎರಡು ಮೂರು ಗಂಟೆ ಕೂಸು ಯಾರ ಕೈಗೆ?

ಅಂಗನವಾಡಿಯಲ್ಲಿ ಕೂರಿಸಿ ಆಡಿಸಿ ಕಲಿಸೋದು ಮೂರು ವರ್ಷ ದಾಟಿದವರನ್ನು. ಅದಕ್ಕಿಂತ ಸಣ್ಣವಕ್ಕೆ ಆಹಾರ ಸಿಗುತ್ತೆ, ಇಟ್ಟುಕೊಳ್ಳಲ್ಲ. ಅಂಗನವಾಡಿಗೇ ಶಿಶುವಿಹಾರ ಸೇರಿಸುವ ‘ಪಾಲ್ನಾ’ ಅನ್ನೋ ಕೇಂದ್ರದ ಯೋಜನೆ ಇದೆ. ಹೆಸರಿನ ಅರ್ಥವೇ ತೊಟ್ಟಿಲು. ಎಲ್ಲ ವಸ್ತಿಗೂ ಅದು ತಲುಪಿಲ್ಲ. ಅತ್ತೆ ಕೆಲಸ ಬಿಟ್ಟು ಮನೆಯಲ್ಲಿ ಕೂತರೆ ತಿಂಗಳ ಸಂಬಳ ಹೋಯಿತು. ಸೇವಾ ಸದನದ ಕಾಲದ ಮಧ್ಯಾಹ್ನದ ಮಲಗಿದ ಅತ್ತೆ ವಸ್ತಿಯಲ್ಲಿಲ್ಲ. ಅವಳು ನಮ್ಮ ಅಡುಗೆಮನೆಯಲ್ಲಿದ್ದಾಳೆ.

ಈಗ ನಮ್ಮ ಬಗ್ಗೆ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಬಂದಾಗ ಐವತ್ತು ಜನ ಕೆಲಸ ಮಾಡುವ ಕಡೆಯೆಲ್ಲ ಶಿಶುವಿಹಾರ ಕಡ್ಡಾಯ ಅಂತಾಯಿತು, 26 ವಾರ ರಜೆ ಸಿಕ್ಕಿತು. ಹಿಂಜವಡಿಯ ಎಷ್ಟೋ ಕಂಪನಿಗಳು ಸಿಸಿಟಿವಿ ಇರುವ ಡೇ ಕೇರ್ ಜೊತೆ ಒಪ್ಪಂದ ಮಾಡಿಕೊಂಡವು. ನಮ್ಮಲ್ಲಿ ಎಷ್ಟು ಜನ ಹೆಣ್ಣುಮಕ್ಕಳು ಅದರಿಂದ ಕೆಲಸ ಉಳಿಸಿಕೊಂಡಿದ್ದಾರೆ ಅಂತ ಕಾಮೆಂಟಿನಲ್ಲಿ ಹೇಳಿ. ಇದಕ್ಕೆ ಇಪ್ಪತ್ತೊಂದು ವರ್ಷ ಮೊದಲೇ, 1996ರ ಕಟ್ಟಡ ಕಾರ್ಮಿಕರ ಕಾಯ್ದೆಯ 35ನೇ ಕಲಂ ಇದೇ ಮಾತು ಹೇಳಿತ್ತು. ಐವತ್ತಕ್ಕಿಂತ ಹೆಚ್ಚು ಹೆಣ್ಣಾಳು ಇರುವ ಸೈಟಿನಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಗಾಳಿ ಬೆಳಕಿರುವ ಕೋಣೆ, ನೋಡಿಕೊಳ್ಳಲು ತರಬೇತಾದ ಹೆಂಗಸು. ಪುಣೆಯಲ್ಲಿ ‘ತಾರಾ ಮೊಬೈಲ್ ಕ್ರೆಶಸ್’ ಅನ್ನೋ ಸಂಸ್ಥೆ ಬಿಲ್ಡರುಗಳ ಜೊತೆ ಸೇರಿ ಸೈಟುಗಳಲ್ಲಿ ಇಂಥ ಕೋಣೆ ನಡೆಸುತ್ತದೆ. ‘ಡೋರ್ ಸ್ಟೆಪ್ ಸ್ಕೂಲ್’ ಸೈಟುಗಳಿಗೇ ಶಾಲೆ ಒಯ್ಯುತ್ತದೆ. ಇಂಥ ಒಂದು ಕೋಣೆ ಇದ್ದ ಕಡೆ ಸಣ್ಣ ಅಕ್ಕ ಶಾಲೆಗೆ ಹೋಗಬಹುದು, ಯಾಕೆಂದರೆ ಇಲ್ಲದಿದ್ದರೆ ತಮ್ಮನನ್ನು ಎತ್ತಿಕೊಳ್ಳಲು ಅವಳೇ ಉಳಿಯಬೇಕು. ಹಾಗೆ ಶಾಲೆ ಬಿಟ್ಟ ಅಕ್ಕನಿಗೆ ಮನೆಯವರು ಮಾಡುವ ಮುಂದಿನ ಏರ್ಪಾಡು ಮದುವೆ. ಈ ಸುತ್ತು ಎಲ್ಲಿ ಶುರುವಾಗುತ್ತೆ ಅಂತ ಹುಡುಕಿದರೆ ಬಹಳ ಸಲ ಒಂದು ತೊಟ್ಟಿಲಿನ ಹತ್ತಿರವೇ ಬಂದು ನಿಲ್ಲುತ್ತೇವೆ.

ಜಮೈಕಾ ಅಂದರೆ ನಮಗೆ ಬೋಲ್ಟು, ಹೋಲ್ಡಿಂಗು. ಆ ಪುಟ್ಟ ದೇಶ 1978ರಲ್ಲಿ ಕಿಂಗ್‌ಸ್ಟನ್‌ನಲ್ಲಿ ಒಂದು ಮಹಿಳಾ ಕೇಂದ್ರ ತೆರೆಯಿತು. ಬಸುರಾಗಿ ಶಾಲೆ ಬಿಟ್ಟ ಹುಡುಗಿಯರಿಗೆ ಅಲ್ಲೇ ಪಾಠ ಮುಂದುವರಿಯುತ್ತೆ, ಹೆರಿಗೆಯಾದ ಮೇಲೆ ಕೂಸಿಗೆ ಅಲ್ಲೇ ಶಿಶುವಿಹಾರ, ಆಮೇಲೆ ಹುಡುಗಿ ಮಾಮೂಲಿ ಶಾಲೆಗೆ ವಾಪಸ್. ಅದು ಇಂದಿಗೂ ನಡೆಯುತ್ತಿದೆ. ಇದನ್ನು ಓದಿದಾಗ ನನಗೆ ಹೊಸದೇನೋ ಓದಿದ ಹಾಗೆ ಅನ್ನಿಸಲಿಲ್ಲ. ಗಂಜ್ ಪೇಠೆಯ ಫುಲೆಯವರ ಮನೆ, ಲಕ್ಷ್ಮೀ ರೋಡಿನ ಮಧ್ಯಾಹ್ನದ ಕ್ಲಾಸು, ಎರಡನ್ನೂ ಒಂದೇ ಸೂರಿನ ಕೆಳಗೆ ತಂದರೆ ಅದೇ ಆಗುತ್ತೆ. ಪುಣೆ ಎರಡನ್ನೂ ಬೇರೆಬೇರೆಯಾಗಿ ಕಟ್ಟಿತ್ತು.

ವಿಡಿಯೋ ರೆಕಾರ್ಡಿಂಗ್ ಮುಗಿದ ಮೇಲೆ ಗೆಳತಿಯೊಬ್ಬರು, ‘ನಮ್ಮ ಮನೆ ಕೆಲಸದಕ್ಕನ ಸೊಸೆ ಹೀಗೇ ಇದ್ದಾಳೆ, ಏನು ಮಾಡಬಹುದು’ ಅಂತ ಕೇಳಿದರು. ಮೊದಲು ಊರಿನ ಶಾಲೆಯಿಂದ ಟಿಸಿ ತರಿಸಿ. 17 ನಂಬರ್ ಫಾರ್ಮಿಗೆ ಶಾಲೆ ಬಿಟ್ಟ ದಾಖಲೆಯ ಮೂಲಪ್ರತಿ ಬೇಕಾಗುತ್ತೆ. ಅದು ಕಳೆದಿದ್ದರೆ ಹೆಡ್‌ಮಾಸ್ತರರಿಗೆ ಅರ್ಜಿ ಕೊಟ್ಟು ನಕಲು ತೆಗೆಸಬೇಕು. ನಾವು ರಜೆಗೆ ಊರಿಗೆ ಹೋಗುವ ದಾರಿಯಲ್ಲಿ ಕಲಬುರಗಿ ಇದ್ದರೆ ಅದು ಅರ್ಧ ದಿನದ ಕೆಲಸ, ಅವಳಿಗೆ ಎರಡು ದಿನದ ಕೂಲಿ ಮತ್ತು ಬಸ್ ಚಾರ್ಜು. ಆಮೇಲೆ ಅತ್ತೆಯ ಸಮಯ. ಅಕ್ಕ ಮಧ್ಯಾಹ್ನ ಎರಡಕ್ಕೆ ಬರುತ್ತಾರಾ, ಸಂಜೆ ಐದಕ್ಕೆ ಬರಲಿ ಅಂತ ನಾವು ಹೇಳಿದರೆ, ಆ ಮೂರು ಗಂಟೆ ಕೂಸಿಗೆ ಒಂದು ಮಡಿಲು ಸಿಗುತ್ತೆ. ಸಂಬಳ ಕಡಿಮೆ ಮಾಡಬೇಡಿ. ಗೆಳತಿ ತಮ್ಮ ಮನೆಯ ಟೈಮ್ ಬದಲಾಯಿಸಿದ್ದಾರೆ. ಆ ಅಕ್ಕ ಹೋಗುವ ಉಳಿದ ಮೂರು ಮನೆಯವರ ಜೊತೆ ಮಾತು ಇನ್ನೂ ನಡೀತಿದೆ.